ಟೋಪಿಯವರ ಸ್ವಂತ ಊರಿನ ಹಾಳೆ

ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, ಸ್ಯಾಂಡಿಫರ್ಡಿನ ನಮ್ಮ ಹಳೆಯ ಕಚೇರಿಗೆ ಕರ್ನಾಟಕದ ಮಕ್ಕಳು ಒಬ್ಬೊಬ್ಬರಾಗಿ ಸೇರುತ್ತಿದ್ದಾರೆಂದು ಕೇಳುತ್ತೇನೆ. ಅವರಲ್ಲಿ ಇಬ್ಬರು ಮೂವರು ಫೋನ್ ಮಾಡಿ, "ಸರ್, ಆ ಡೆಸ್ಕ್ ಕೆಲಸ ನಿಜವಾಗ್ಲೂ ಹೆಂಗಿರುತ್ತೆ?" ಎಂದು ವಿಚಾರಿಸಿದ್ದಾರೆ. ಪ್ರತಿ ಸಲವೂ ಯೋಚಿಸಿ ಹೇಳುತ್ತೇನೆಂದು ಫೋನ್ ಇಟ್ಟಿದ್ದೇನೆ. ಯೋಚಿಸದೆ ಉತ್ತರ ಕೊಡುವುದು ನನಗೆ ಎಂದೂ ಒಗ್ಗಲಿಲ್ಲ. ಯೋಚಿಸುತ್ತಾ ಕುಳಿತದ್ದರಿಂದ ಒಮ್ಮೆ ಏನಾಯಿತೆಂಬುದನ್ನೂ ಇಲ್ಲಿ ಬರೆಯಬೇಕಾಗಿದೆ. ಬಡ್ತಿಗಳ ವಿವರ ಬೇಕಾದವರಿಗೆ ಈ ಬರಹದಿಂದ ಪ್ರಯೋಜನವಿಲ್ಲ. ನನಗೆ ದೊರೆತದ್ದೂ ಎರಡೇ.

ನಮ್ಮ ಕೆಲಸವನ್ನು ಸರಳವಾಗಿ ಹೇಳುವುದಾದರೆ ಹೀಗೆ: ದೂರದ ದೇಶಗಳಲ್ಲಿ ಚುನಾವಣೆ ನಡೆದಾಗ, ಒಂದೊಂದು ಜಿಲ್ಲೆಯ ಮತ ಎಣಿಕೆಯ ಹಾಳೆಗಳು ಚಿತ್ರಗಳಾಗಿ ನಮಗೆ ಬರುತ್ತವೆ. ಅವುಗಳಲ್ಲಿರುವ ಅಂಕಿಗಳನ್ನು ನಾವು ಗಣಕಕ್ಕೆ ತುಂಬುತ್ತೇವೆ. ಒಂದೇ ಹಾಳೆಯನ್ನು ಇಬ್ಬರು ಬೇರೆ ಬೇರೆಯಾಗಿ ತುಂಬಬೇಕು. ಎರಡೂ ತಾಳೆಯಾದರೆ ಪರದೆಯಲ್ಲಿ ಹಸಿರು ಗುರುತು ಬೀಳುತ್ತದೆ; ಅಂಕಿ ಆ ಕ್ಷಣವೇ ಸುದ್ದಿವಾಹಿನಿಗಳಿಗೆ ಹೊರಟುಹೋಗುತ್ತದೆ. ತಾಳೆಯಾಗದಿದ್ದರೆ ಕೆಂಪು. ಇಷ್ಟೇ. ಇದಕ್ಕೆ ಪದವಿ ಬೇಕೇ ಎಂದು ನನ್ನ ಷಡ್ಡಕರೊಬ್ಬರು ಕೇಳಿದ್ದರು. ಬೇಕಿರಲಿಲ್ಲ. ಆದರೆ ನನ್ನಲ್ಲಿ ಇತ್ತು, ಮತ್ತು ಅದು ಇದೆಯೆಂಬ ಭಾರವೂ ಇತ್ತು.

ನನ್ನ ತಂದೆ ದಾವಣಗೆರೆಯ ಒಂದು ಸಾಮಿಲ್ಲಿನಲ್ಲಿ ಮರ ಕೊಯ್ಯುವವರಾಗಿದ್ದರು. ಕಾಲೇಜಿನ ಪ್ರವೇಶಪತ್ರದಲ್ಲಿ ಪೋಷಕರ ಸಹಿಯ ಜಾಗದಲ್ಲಿ ಅವರ ಹೆಬ್ಬೆಟ್ಟಿನ ಗುರುತಿದೆ. ಗುರುತು ಹಾಕುವಾಗ ಶಾಯಿ ಹೆಚ್ಚಾಗಿ, ನನ್ನ ಹೆಸರಿನ ಮೇಲೂ ಸ್ವಲ್ಪ ಹರಡಿತು. ಗುಮಾಸ್ತರು, "ಮಗ ಓದಿದ ಮೇಲೆ ನೀಟಾಗಿ ಬರೀತಾನೆ ಬಿಡಪ್ಪ" ಎಂದು ನಕ್ಕರು. ಅಂದಿನಿಂದ ನೀಟಾಗಿ ಬರೆಯುವುದು ನನಗೆ ಬರೀ ಅಭ್ಯಾಸವಾಗಿ ಉಳಿಯಲಿಲ್ಲ, ತಪ್ಪಿದರೆ ಎಂಬ ಭಯವಾಯಿತು. ಬಿ.ಕಾಂ. ಮುಗಿಸಿ ಬೆಂಗಳೂರಿನ ಒಂದು ದತ್ತಾಂಶ ಸಂಸ್ಥೆಯಲ್ಲಿ, ಗಣಕದ ರಟ್ಟುಗಳಿಗೆ ತೂತು ಹಾಕುವ ಕಾರ್ಡ್ ಪಂಚಿಂಗ್ ಕೆಲಸಕ್ಕೆ ಸೇರಿದೆ. ಆ ಸಂಸ್ಥೆಗೆ ಡಬ್ಲಿನ್ನಿನ ಒಂದು ಕಂಪನಿಯಿಂದ ಕೆಲಸ ಬರುತ್ತಿತ್ತು. ತರಬೇತಿಗೆಂದು ಆರು ತಿಂಗಳ ಮಟ್ಟಿಗೆ ನನ್ನನ್ನು ಇಲ್ಲಿಗೆ ಕಳುಹಿಸಿದರು. ಆ ಆರು ತಿಂಗಳು ಇನ್ನೂ ಮುಗಿದಿಲ್ಲವೆಂದು ನನ್ನ ಹೆಂಡತಿ ಗಿರಿಜಾ ಈಗಲೂ ಹೇಳುತ್ತಾಳೆ.

ಬಂದ ಮೊದಲ ವಾರದಲ್ಲೇ ಒಂದು ದೊಡ್ಡ ತಪ್ಪು ಮಾಡಿದೆ. ಫ್ಯಾಕ್ಸಿನಲ್ಲಿ ಬಂದ ಒಂದು ಹೆಸರುಪಟ್ಟಿಯನ್ನು ತುಂಬಬೇಕಿತ್ತು. ಅನೇಕ ಹೆಸರುಗಳ ಆರಂಭದಲ್ಲಿ 'ಓ' ಅಕ್ಷರದ ಪಕ್ಕ ಒಂದು ಚಿಕ್ಕ ಕಲೆ ಕಾಣುತ್ತಿತ್ತು. ಫ್ಯಾಕ್ಸ್ ಯಂತ್ರದ ಗಾಜಿನ ಮೇಲೆ ಧೂಳು ಕೂತಿದೆಯೆಂದು ತಿಳಿದು, ಕಲೆಯನ್ನು ಬಿಟ್ಟು ಬಹಳ ಶುದ್ಧವಾಗಿ ತುಂಬಿದೆ. ಅಷ್ಟೇ ಅಲ್ಲ, ಕೈವಸ್ತ್ರದಿಂದ ಆ ಗಾಜನ್ನೂ ಒರೆಸಿಬಂದೆ. ಮರುದಿನ ನನ್ನ ಮೇಲಧಿಕಾರಿ ಫಿಂಟನ್ ಪಟ್ಟಿಯನ್ನು ಹಿಡಿದು ಬಂದರು.

"ಶಿವ್, ನಿನ್ನೆ ನೀನೊಬ್ಬನೇ ಕೂತು ಅರ್ಧ ಐರ್ಲೆಂಡಿನ ಮನೆತನ ಕಳೆದೆಯಲ್ಲ!"

"ಕ್ಷಮಿಸಿ ಸರ್. ಧೂಳೆಂದುಕೊಂಡೆ."

"ಧೂಳೇ? 'ಓ' ಪಕ್ಕದ ಆ ಚುಕ್ಕೆಯೇ ಇಂಥವರ ವಂಶದವರೆಂದು ಹೇಳುವುದು. ನಮ್ಮಜ್ಜಿ ಬದುಕಿದ್ದರೆ ನಿನಗೆ ಪೊರಕೆಯಲ್ಲಿ ಕೊಡುತ್ತಿದ್ದಳು." ಬಳಿಕ ತಾವೇ ನಗುತ್ತಾ, "ಪರವಾಗಿಲ್ಲ, ಗ್ರ್ಯಾಂಡ್. ಗಾಜಂತೂ ಫಳಫಳ ಹೊಳೆಯುತ್ತಿದೆ" ಎಂದರು.

ಈ 'ಗ್ರ್ಯಾಂಡ್' ಎಂಬುದು ಇಲ್ಲಿ ಎಲ್ಲದಕ್ಕೂ ಸಲ್ಲುವ ಮಾತು. ಚೆನ್ನಾಗಿದ್ದರೂ ಗ್ರ್ಯಾಂಡ್, ಸಹಿಸುವಷ್ಟಿದ್ದರೂ ಗ್ರ್ಯಾಂಡ್. ಹೊಸಬರು ಮೊದಲು ತಿಳಿದಿರಬೇಕಾದದ್ದು ಇದು.

ಫಿಂಟನ್ ಅವರ ಬಗ್ಗೆ ಒಂದೆರಡು ಮಾತು ಹೇಳದೆ ಮುಂದೆ ಹೋಗಲಾರೆ. ಅವರ ಕೈಯಲ್ಲಿ ಸದಾ ಒಂದು ಉಕ್ಕಿನ ಅಡಿಕೋಲು ಇರುತ್ತಿತ್ತು. ಹಾಳೆಯ ಮೇಲೆ ಒಂದೊಂದು ಸಾಲಿನ ಕೆಳಗೂ ಅದನ್ನಿಟ್ಟು ಗಟ್ಟಿಯಾಗಿ ಓದಬೇಕು; ಎದುರಿಗೆ ಕುಳಿತವರು ತಮ್ಮ ಪ್ರತಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಬೇಕು. "ಕಣ್ಣು ತನಗೆ ಬೇಕಾದ್ದನ್ನು ಓದಿಕೊಳ್ಳುತ್ತದೆ, ಕಿವಿಗೆ ಆ ಚಾಲಾಕಿ ಇಲ್ಲ" ಎನ್ನುತ್ತಿದ್ದರು. ಇನ್ನೊಂದು ನಿಯಮವೂ ಇತ್ತು: ಅಂಕಿಗೆ ಕೈಹಾಕುವ ಮುನ್ನ ಹಾಳೆಯ ತಲೆಬರಹವನ್ನು ಓದಬೇಕು. ಒಂದೇ ನಮೂನೆಯ ನೂರು ಹಾಳೆಗಳಿದ್ದರೆ ನೂರನೆಯದರ ತಲೆಬರಹವನ್ನೂ ಗಟ್ಟಿಯಾಗಿಯೇ ಓದಬೇಕು. ಎಣಿಕೆಯ ದಿನಗಳಲ್ಲಿ ಹತ್ತು ಮೇಜುಗಳಿಂದ ಏಳುತ್ತಿದ್ದ ಆ ಓದಿನ ಗುಂಯ್‌ಗುಟ್ಟುವಿಕೆಯನ್ನು ನೆನೆದರೆ ನನಗೆ ಈಗಲೂ ಶಾಲೆಯ ಮಗ್ಗಿಯೇ ಕೇಳಿಸುತ್ತದೆ. ದಣಿದಾಗ ನನ್ನ ಬಾಯಿಂದ ಅಂಕಿಗಳು ತಾವಾಗಿಯೇ ಕನ್ನಡದಲ್ಲಿ ಬರುತ್ತಿದ್ದವು. ನಾಚಿಕೆಯಿಂದ ನಿಲ್ಲಿಸಿದರೆ ಫಿಂಟನ್, "ಮುಂದುವರಿಸು, ನನಗೆ ಸೊನ್ನೆಯಿಂದ ಒಂಬತ್ತರವರೆಗೆ ಬರುತ್ತದೆ" ಎನ್ನುತ್ತಿದ್ದರು. ನಿಜವಾಗಿಯೂ ಬರುತ್ತಿತ್ತು. ನನಗೆ ತಿಳಿಯದಂತೆ ಗಿರಿಜಾಳಿಂದ ಕಲಿತಿದ್ದರು. ನಿವೃತ್ತರಾದ ದಿನ ಆ ಅಡಿಕೋಲನ್ನು ನನ್ನ ಮೇಜಿನ ಮೇಲಿಟ್ಟು, ಲುವಾಸ್ ಟ್ರಾಮಿನ ಕಡೆಗೆ ನಡೆದುಬಿಟ್ಟರು.

ಕಾಲಕ್ರಮದಲ್ಲಿ ವಿಧಾನಗಳು ಬದಲಾದವು. ಫ್ಯಾಕ್ಸ್ ಹೋಯಿತು, ಕಾಗದ ಹೋಯಿತು, ಎದುರುಬದುರು ಕೂರುವುದೂ ಕಡಿಮೆಯಾಯಿತು. ತಲೆಬರಹವನ್ನು ಗಟ್ಟಿಯಾಗಿ ಓದುವ ಬದಲು, ಮೊದಲು ತುಂಬುವವರ ಪರದೆಯಲ್ಲಿ 'ತಲೆಬರಹ ನೋಡಿದ್ದೇನೆ' ಎಂಬ ಒಂದು ಚೌಕ ಬಂತು. ಅದನ್ನು ಒತ್ತಿದರೆ ಸಾಕು. ನಾನು ಮಾತ್ರ ಹಳೆಯ ರೂಢಿಯನ್ನು ಬಿಡದೆ ಒಂದು ರಿಜಿಸ್ಟರ್ ಇಟ್ಟುಕೊಂಡಿದ್ದೆ. ಯಾವ ಜಿಲ್ಲೆಯ ಹಾಳೆ ಹೇಗಿರುತ್ತದೆ, ಯಾವ ಕಾಲಮ್ಮಿನಲ್ಲಿ ಯಾರ ಹೆಸರು, ಒಟ್ಟು ಎಲ್ಲಿ ಬರುತ್ತದೆ ಎಂಬುದನ್ನೆಲ್ಲ ಗೆರೆ ಎಳೆದು, ಎರಡು ಬಣ್ಣದ ಶಾಯಿಯಲ್ಲಿ ಬರೆದಿಡುತ್ತಿದ್ದೆ. ಚುನಾವಣೆಗೊಂದು ರಿಜಿಸ್ಟರ್. ಫಿಂಟನ್ ನಂತರ ಬಂದ ಮ್ಯಾನೇಜರ್ ನೊರೀನ್ ಅದನ್ನು 'ಶಿವನ ಬೈಬಲ್' ಎಂದು ಕರೆಯುತ್ತಿದ್ದರು. ಆ ಹೊಗಳಿಕೆ ನನಗೆ ಎಷ್ಟು ಇಷ್ಟವಾಗಿತ್ತೆಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಆಮೇಲೆ ಕೋವಿಡ್ ಬಂತು. ಒಂದು ಮಧ್ಯಾಹ್ನ, ನಾಳೆಯಿಂದ ಎಲ್ಲರೂ ಮನೆಯಿಂದಲೇ ಕೆಲಸ ಮಾಡಬೇಕೆಂದರು. ಅಡಿಕೋಲನ್ನೂ ರಿಜಿಸ್ಟರುಗಳನ್ನೂ ಚೀಲಕ್ಕೆ ಹಾಕಿಕೊಂಡು ಲೆಪರ್ಡ್ಸ್‌ಟೌನಿನ ಮನೆಗೆ ನಡೆದೆ. ನಮ್ಮ ಅಡುಗೆಮನೆಯ ಕಿಟಕಿಗೆ ರೇಸ್‌ಕೋರ್ಸಿನ ಒಂದು ಅಂಚು ಕಾಣುತ್ತದೆ. ಪಂದ್ಯದ ದಿನಗಳಲ್ಲಿ ಅಲ್ಲಿಂದ ಕೇಳಿಬರುತ್ತಿದ್ದ ಜನರ ಕೂಗು ನಿಂತುಹೋಯಿತು. ಊಟದ ಮೇಜೇ ಕಚೇರಿಯಾಯಿತು. ಹಪ್ಪಳದ ಡಬ್ಬಿಯನ್ನು ಅತ್ತ ಸರಿಸಿ ಗಣಕವನ್ನು ಇಟ್ಟುಕೊಂಡೆ.

ನನ್ನ ಜೋಡಿಯಾಗಿ ಸಿಕ್ಕವಳು ಸಹನಾ. ಮೈಸೂರಿನ ಹುಡುಗಿ, ಕಾರ್ಕ್ ನಗರದಲ್ಲಿ ಎಂ.ಎಸ್ಸಿ. ಮುಗಿಸಿ, ಪಕ್ಕದ ಬ್ಯಾಲಿನ್‌ಕೊಲಿಗ್‌ನಲ್ಲಿ ಮೂವರು ಗೆಳತಿಯರೊಂದಿಗೆ ಮನೆ ಹಂಚಿಕೊಂಡಿದ್ದಳು. ಕೆಲಸಕ್ಕೆ ಸೇರಿದ್ದೇ ಲಾಕ್‌ಡೌನಿನಲ್ಲಿ. ಅವಳಿಗೆ ಸ್ಯಾಂಡಿಫರ್ಡಿನ ಕಚೇರಿಯ ಬಾಗಿಲು ಯಾವ ದಿಕ್ಕಿಗಿದೆಯೆಂಬುದೂ ಗೊತ್ತಿರಲಿಲ್ಲ. ನಾನೂ ಅವಳನ್ನು ಕಣ್ಣಾರೆ ಕಂಡಿರಲಿಲ್ಲ. ಅವಳ ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಅವಳ ವರ್ಕ್ ಪರ್ಮಿಟ್ ಈ ಕೆಲಸಕ್ಕೇ ಅಂಟಿಕೊಂಡಿತ್ತು; ಕೆಲಸ ಹೋದರೆ ಐರ್ಲೆಂಡೂ ಹೋದಂತೆ. ಮನೆಯಲ್ಲಿ ಪದವಿ ಪಡೆದವರಲ್ಲಿ ಅವಳೇ ಮೊದಲಿಗಳೆಂದು ಒಮ್ಮೆ ತಾನಾಗಿ ಹೇಳಿದಳು. ಅದನ್ನು ಕೇಳಿದ ಮೇಲೆ ಅವಳ ಧ್ವನಿಯಲ್ಲಿ ನನ್ನದೇ ಹಳೆಯ ಧ್ವನಿ ಕೇಳಿಸಲಾರಂಭಿಸಿತು.

ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಓದಿ ಹೇಳುತ್ತಾ ಕೆಲಸ ಮಾಡುತ್ತಿದ್ದೆವು. ನಿಯಮದಲ್ಲಿ ಅದು ಇರಲಿಲ್ಲ, ಬೇಡವೆಂದೂ ಇರಲಿಲ್ಲ.

"ಸರ್, ಒಂದ್ನಿಮಿಷ. ಮೇಲ್ಗಡೆ ವಾಷಿಂಗ್ ಮೆಷಿನ್ ಡ್ಯಾನ್ಸ್ ಮಾಡ್ತಾ ಇದೆ, ಏನೂ ಕೇಳಿಸ್ತಿಲ್ಲ."

"ನಿಧಾನವಾಗಿ ಓದಮ್ಮ. ಅವಸರವಿಲ್ಲ."

"ನೀವು ಫೋನಲ್ಲೂ ಪುಸ್ತಕದ ಕನ್ನಡ ಮಾತಾಡ್ತೀರ ಸರ್. ನಮ್ಮನೇಲಿ ಸ್ಪೀಕರ್ ಹಾಕಿದ್ರೆ ಇವ್ರೆಲ್ಲ ಆಕಾಶವಾಣಿ ಬಂತು ಅಂತಾರೆ."

ಹಿಂದಿನಿಂದ ಗಿರಿಜಾ, "ಅದನ್ನ ನಾನು ಮೂವತ್ತು ವರ್ಷದಿಂದ ಕೇಳ್ತಿದ್ದೀನಿ ಕಣಮ್ಮ, ಆಫ್ ಮಾಡೋ ಬಟನ್ನೇ ಇಲ್ಲ" ಎಂದು ಕೂಗುತ್ತಿದ್ದಳು.

ಇನ್ನು ಆ ಚುನಾವಣೆ. ಅದು ಅಮೆರಿಕದ ಒಂದು ರಾಜ್ಯದ ಗವರ್ನರ್ ಹುದ್ದೆಗೆ ನಡೆದದ್ದು. ನಮ್ಮಲ್ಲಿ ರಾಜ್ಯಪಾಲರನ್ನು ನೇಮಕ ಮಾಡುತ್ತಾರೆ; ಅಲ್ಲಿ ಗವರ್ನರನ್ನು ಜನರೇ ಮತ ಹಾಕಿ ಆರಿಸುತ್ತಾರೆ, ಅಧಿಕಾರದಲ್ಲಿ ಹೆಚ್ಚುಕಡಿಮೆ ನಮ್ಮ ಮುಖ್ಯಮಂತ್ರಿಯಂತೆ. ಆ ರಾಜ್ಯದ ಕಾನೂನಿನ ಪ್ರಕಾರ ಗೆಲ್ಲುವವರಿಗೆ ಅರ್ಧಕ್ಕಿಂತ ಹೆಚ್ಚು ಮತ ಬರಲೇಬೇಕು. ಮೊದಲ ಸುತ್ತಿನಲ್ಲಿ ಯಾರಿಗೂ ಅಷ್ಟು ಬರಲಿಲ್ಲ. ಆದ್ದರಿಂದ ಮೊದಲಿಬ್ಬರ ನಡುವೆ ಕೆಲವು ವಾರಗಳ ಬಳಿಕ ಮರುಸುತ್ತು ನಿಗದಿಯಾಯಿತು. ಗಿರಿಜಾ ಆ ಇಬ್ಬರನ್ನೂ ಧಾರಾವಾಹಿಯ ಪಾತ್ರಗಳಂತೆ ಹಿಂಬಾಲಿಸುತ್ತಿದ್ದಳು. ಹೆಸರು ನೆನಪಿರದೆ ಒಬ್ಬರನ್ನು ಟೋಪಿಯವರೆಂದೂ, ಇನ್ನೊಬ್ಬರನ್ನು ಕನ್ನಡಕದವರೆಂದೂ ಕರೆಯುತ್ತಿದ್ದಳು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಅದು ನನ್ನ ಸೇವೆಯ ಕೊನೆಯ ಚುನಾವಣೆಯೂ ಆಗಿತ್ತು. ಮರುಸುತ್ತು ಮುಗಿದ ಎರಡು ವಾರಗಳಿಗೆ ನನ್ನ ನಿವೃತ್ತಿ. ಅಷ್ಟು ವರ್ಷಗಳಲ್ಲಿ ನನ್ನ ಹೆಸರಿನ ಎದುರು ಒಂದು ದೋಷವೂ ದಾಖಲಾಗಿರಲಿಲ್ಲ. ಧೂಳಿನ ಪ್ರಕರಣವನ್ನು ಫಿಂಟನ್ ದಾಖಲಿಸಿರಲಿಲ್ಲ. ಹೀಗೆ ಕಲೆಯಿಲ್ಲದೆ ಹೊರಟುಹೋಗಬೇಕೆಂಬ ಆಸೆ ನನಗಿತ್ತು.

ಮರುಸುತ್ತಿನ ಹಿಂದಿನ ದಿನ ಸಹನಾ ಕೇಳಿದಳು: "ಸರ್, ಪ್ರತಿ ಶೀಟ್‌ಗೂ ಮೇಲಿಂದ ಹೆಡ್ಡಿಂಗ್ ಝೂಮ್ ಮಾಡಿ ನೋಡ್ಬೇಕಾ? ತುಂಬಾ ಟೈಮ್ ಹಿಡಿಯುತ್ತೆ."

ನಾನು ಹೇಳಿದ ಮಾತುಗಳನ್ನು ಇದ್ದಂತೆಯೇ ಬರೆಯುತ್ತೇನೆ. "ಅಗತ್ಯವಿಲ್ಲಮ್ಮ. ಮೊದಲ ಸುತ್ತಿನ ಪ್ರತಿಯೊಂದು ಜಿಲ್ಲೆಯ ನಮೂನೆ ನನ್ನ ರಿಜಿಸ್ಟರಿನಲ್ಲಿದೆ. ಅದರ ಫೋಟೋ ಕಳುಹಿಸುತ್ತೇನೆ. ಅದನ್ನು ನೋಡಿಕೊಂಡು ತುಂಬು, ಚೌಕ ಒತ್ತು."

ಫಿಂಟನ್ ಕಲಿಸಿದ್ದನ್ನು ನಾನೇ ನನ್ನ ಬಾಯಿಂದ ಅಳಿಸಿದೆ. ಆಗ ಅದು ಅರಿವಿಗೆ ಬರಲಿಲ್ಲ.

ಮತದಾನವಾಗಿ ಎರಡು ದಿನ ಕಳೆದರೂ ಫಲಿತಾಂಶ ಇತ್ಯರ್ಥವಾಗಲಿಲ್ಲ. ಕೋವಿಡ್ಡಿನಿಂದಾಗಿ ಬಹಳಷ್ಟು ಜನ ಅಂಚೆಯಲ್ಲಿ ಮತ ಕಳುಹಿಸಿದ್ದರು. ಲಕೋಟೆ ಬಿಡಿಸಿ ಎಣಿಸುವುದು ನಿಧಾನ. ಟೋಪಿಯವರು ಕೂದಲೆಳೆಯಷ್ಟು ಮುಂದಿದ್ದರು. ಮೂರನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ, ಅಂದರೆ ಅಲ್ಲಿ ಬೆಳಿಗ್ಗೆ, ಬಾಕಿಯಿದ್ದ ಒಂದು ದೊಡ್ಡ ಜಿಲ್ಲೆಯ ಹಾಳೆ ಬಂತು. ಎಲ್ಲ ಸುದ್ದಿವಾಹಿನಿಗಳೂ ಅದಕ್ಕಾಗಿಯೇ ಕಾಯುತ್ತಿದ್ದವು. ಸಹನಾ ತುಂಬಿದಳು. ನಾನು ಎರಡನೆಯವನಾಗಿ ತುಂಬಿದೆ. ಹಸಿರು ಗುರುತು ಬಿತ್ತು. ಕನ್ನಡಕದವರು ಮುಂದೆ ಹೋದರು.

"ಸರ್, ಉಲ್ಟಾ ಆಯ್ತು!" ಎಂದಳು ಸಹನಾ. "ಕನ್ನಡಕದವ್ರು ಗೆದ್ದಂಗೇ."

ಗಿರಿಜಾ ಕಾಫಿ ತಂದವಳು ನಿಂತಲ್ಲೇ ನಿಂತಳು. "ಯಾವ ಊರಿಂದ ಬಂತು?"

ಜಿಲ್ಲೆಯ ಹೆಸರು ಹೇಳಿದೆ.

"ಅದು ಟೋಪಿಯವರ ಸ್ವಂತ ಊರಲ್ವೇನ್ರೀ? ಅಲ್ಲೇ ಹುಟ್ಟಿದ್ದು, ಅಲ್ಲೇ ಕುದುರೆ ಸಾಕಿದ್ದು ಅಂತ ನೀವೇ ಹೇಳಿದ್ರಿ. ಹೋದ್ಸಲ ಅಲ್ಲಿಯವರು ರಾಶಿ ರಾಶಿ ಓಟು ಹಾಕಿದ್ರಲ್ಲ. ಮೂರು ವಾರದಲ್ಲಿ ಏನ್ ಮಾಡ್ಬಿಟ್ರು ಅಂತ ಕೈಬಿಟ್ರು?"

ಏಳನೆಯ ತರಗತಿಗೆ ಶಾಲೆ ಬಿಟ್ಟವಳು ನನ್ನ ಹೆಂಡತಿ. ನಾನು ಚಿತ್ರವನ್ನು ಮೇಲಕ್ಕೆ ಸರಿಸಿ ತಲೆಬರಹವನ್ನು ನೋಡಿದೆ. ಆ ಜಿಲ್ಲೆಯವರು ಮರುಸುತ್ತಿಗೆ ಹೊಸ ಹಾಳೆ ಅಚ್ಚು ಹಾಕಿಸಿದ್ದರು. ಮೊದಲ ಸುತ್ತಿನಲ್ಲಿ ಟೋಪಿಯವರ ಹೆಸರಿದ್ದ ಕಾಲಮ್ಮಿನಲ್ಲಿ ಈಗ ಕನ್ನಡಕದವರ ಹೆಸರಿತ್ತು. ಅವರ ಮತಗಳು ಇವರಿಗೆ, ಇವರ ಮತಗಳು ಅವರಿಗೆ ಹೋಗಿದ್ದವು. ಇಬ್ಬರು ಬೇರೆ ಬೇರೆಯಾಗಿ ತುಂಬಿದರೆ ತಪ್ಪು ಸಿಕ್ಕಿಬೀಳುತ್ತದೆಂಬುದು ನಮ್ಮ ವೃತ್ತಿಯ ಅಡಿಪಾಯ. ಆದರೆ ನಾವಿಬ್ಬರೂ ನೋಡಿದ್ದು ನನ್ನ ಒಂದೇ ರಿಜಿಸ್ಟರನ್ನು. ಒಂದೇ ತಪ್ಪನ್ನು ಇಬ್ಬರು ಮಾಡಿದಾಗ ಯಂತ್ರ ಅದಕ್ಕೆ ಹಸಿರು ಗುರುತನ್ನೇ ಹಾಕುತ್ತದೆ.

ಇಂಥ ಸಂದರ್ಭಕ್ಕೆ ನಿಯಮ ಸ್ಪಷ್ಟವಾಗಿದೆ: ಮೊದಲು ಮ್ಯಾನೇಜರಿಗೆ ಫೋನ್, ಆಮೇಲೆ ಬರಹ. ನಾನು ಫೋನ್ ಮಾಡಲಿಲ್ಲ. ಗಾಬರಿಯಾದಾಗ ನನ್ನ ಇಂಗ್ಲಿಷ್ ತಡವರಿಸುತ್ತದೆ. ಅಷ್ಟು ವರ್ಷಗಳಾದರೂ ಅದು ಹೋಗಿರಲಿಲ್ಲ. ಬರೆದರೆ ಸರಿಯಾಗಿ ಬರೆಯಬಹುದೆಂದು ಇಮೇಲ್ ತೆರೆದೆ. ಮೊದಲ ವಾಕ್ಯ ಒರಟಾಯಿತು, ಅಳಿಸಿದೆ. 'ತಪ್ಪು' ಎನ್ನಬೇಕೋ 'ವ್ಯತ್ಯಾಸ' ಎನ್ನಬೇಕೋ ಎಂದು ನಿಘಂಟು ನೋಡಿದೆ. ಎರಡನೆಯ ವಾಕ್ಯದಲ್ಲಿ ಅಲ್ಪವಿರಾಮ ಎಲ್ಲಿ ಬರಬೇಕೆಂದು ಯೋಚಿಸಿದೆ. ಗಿರಿಜಾ, "ಫೋನ್ ಮಾಡ್ರೀ" ಎಂದಳು. "ಇನ್ನೊಂದು ನಿಮಿಷ" ಎಂದೆ. ಆ ಒಂದು ನಿಮಿಷ ಮೂವತ್ತೈದು ನಿಮಿಷವಾಯಿತು. ಅಷ್ಟರಲ್ಲಿ ಆ ರಾಜ್ಯದ ಟಿ.ವಿ.ಗಳಲ್ಲಿ ಕನ್ನಡಕದವರ ಬೆಂಬಲಿಗರು ರಸ್ತೆಗಿಳಿದು ಕಾರಿನ ಹಾರ್ನ್ ಬಾರಿಸುತ್ತಿದ್ದರು.

ಫೋನ್ ಬಂದದ್ದು ಸಹನಾಳಿಂದ.

"ಸರ್, ನೊರೀನ್ ಕಾಲ್ ಮಾಡಿದ್ರು. ಯಾವ್ದೋ ಚಾನೆಲ್‌ನವ್ರು ತಪ್ಪು ಕಂಡುಹಿಡಿದು ಕಂಪ್ಲೇಂಟ್ ಮಾಡಿದಾರಂತೆ. ಹೆಡ್ಡಿಂಗ್ ಬಾಕ್ಸ್ ಒತ್ತಿರೋದು ನನ್ನ ಐಡಿಯಿಂದ. ನಾಳೆ ಹನ್ನೊಂದಕ್ಕೆ ರಿವ್ಯೂ ಅಂತೆ. ಪ್ರೊಬೇಷನ್‌ನಲ್ಲಿ ಇದಾದ್ರೆ ನನ್ನ... ಸರ್, ಅಮ್ಮಂಗೆ ಏನ್ ಹೇಳ್ಲಿ?"

"ನೀನು ರಿಜಿಸ್ಟರಿನ ವಿಷಯ ಹೇಳಿದೆಯಾ?"

"ಇಲ್ಲ ಸರ್. ನಿಮ್ದು ಇನ್ನೆರಡೇ ವಾರ ಅಲ್ವಾ."

ಅಂಕಿಗಳನ್ನು ಅಷ್ಟರಲ್ಲಿ ಸರಿಪಡಿಸಿದ್ದರು. ಸರಿಯಾಗದೆ ಉಳಿದದ್ದು ಅವಳ ಮೇಲೆ ಬಿದ್ದ ಹೊಣೆಯೊಂದೇ.

ಸಂಜೆ ನೊರೀನ್ ನನಗೂ ಫೋನ್ ಮಾಡಿದರು. ಅವರು ಒಳ್ಳೆಯ ಹೆಂಗಸು, ಧ್ವನಿಯಲ್ಲಿ ದಣಿವಿತ್ತು. "ಶಿವ್, ನಾಳೆ ನೀವು ಹೆಚ್ಚೇನೂ ಹೇಳಬೇಕಾಗಿಲ್ಲ. ತಲೆಬರಹದ ಪರೀಕ್ಷೆ ಮೊದಲು ತುಂಬುವವರ ಹೊಣೆ. ಅವಳು ಅದನ್ನು ಮಾಡಲಿಲ್ಲವೆಂದು ದೃಢಪಡಿಸಿದರೆ ಸಾಕು. ನಿಮ್ಮ ದಾಖಲೆ ಗ್ರ್ಯಾಂಡಾಗಿ ಮುಗಿಯುತ್ತದೆ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅವಳು ತಲೆಬರಹ ನೋಡಿರಲಿಲ್ಲವೆಂಬುದು ನಿಜ. ಅಷ್ಟನ್ನೇ ಹೇಳಿ ಸುಮ್ಮನಾದರೆ ನಾನು ಯಾವ ಅಸತ್ಯವನ್ನೂ ಆಡಿದಂತಾಗುತ್ತಿರಲಿಲ್ಲ. ಇದನ್ನು ಓದುತ್ತಿರುವ ಕಿರಿಯರಿಗೆ ನಾನು ದೊಡ್ಡವನಂತೆ ಕಾಣುವುದು ಬೇಡ. ಆ ವಾಕ್ಯವನ್ನು ನಾನು ಬರೆದಿಟ್ಟುಕೊಂಡಿದ್ದೆ, ವ್ಯಾಕರಣವನ್ನೂ ಎರಡು ಸಲ ನೋಡಿದ್ದೆ.

ಮರುದಿನ ಬೆಳಿಗ್ಗೆ ಗಿರಿಜಾ ಮೇಜು ಒರೆಸುತ್ತಾ ಆ ಕಾಗದವನ್ನು ಎತ್ತಿ ಬೆಳಕಿಗೆ ಹಿಡಿದಳು. ಅವಳಿಗೆ ಇಂಗ್ಲಿಷ್ ಅಕ್ಷರಗಳು ಒಂದೊಂದಾಗಿ ಬರುತ್ತವೆ.

"ಇದರಲ್ಲಿ ಸಹನಾ ಹೆಸರಿದೆ. ನಿಮ್ಮ ಹೆಸರು ಎಲ್ಲಿದೆ?"

"ಕೊನೆಯಲ್ಲಿ, ಸಹಿಯ ಜಾಗದಲ್ಲಿ."

"ಓಹೋ" ಎಂದು ಕಾಗದವನ್ನು ಇದ್ದಲ್ಲೇ ಇಟ್ಟು ಒಳಗೆ ಹೋದಳು.

ಹನ್ನೊಂದಕ್ಕೆ ಪರದೆಯಲ್ಲಿ ನಾವು ಮೂವರು ಸೇರಿದೆವು. ಸಹನಾ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ನೆಟ್ಟಗೆ ಕುಳಿತಿದ್ದಳು. ನೊರೀನ್ ಪ್ರಕರಣವನ್ನು ವಿವರಿಸಿ, "ಶಿವ್, ನೀವು" ಎಂದರು. ನಾನು ಕಾಗದವನ್ನು ಕೈಗೆತ್ತಿಕೊಂಡು ಮೊದಲ ನಾಲ್ಕು ಪದಗಳನ್ನು ಓದಿದೆ. ಗಟ್ಟಿಯಾಗಿ ಓದಿದಾಗ ಅದು ಬೇರೆಯದೇ ಆಗಿ ಕೇಳಿಸಿತು. ಕಣ್ಣಿಗೆ ಸರಿಯೆನಿಸಿದ್ದು ಕಿವಿಗೆ ಸರಿಯೆನಿಸಲಿಲ್ಲ. ಕಾಗದವನ್ನು ಕೆಳಗಿಟ್ಟೆ.

ಮುಂದೆ ನಾನು ಆಡಿದ ಇಂಗ್ಲಿಷ್ ಚೆನ್ನಾಗಿರಲಿಲ್ಲ. ಕಾಲಗಳು ಬೆರೆತವು, ವಾಕ್ಯಗಳು ನಡುವೆ ನಿಂತವು. ಹೇಳಿದ್ದು ಇಷ್ಟು: ಪುಸ್ತಕ ನನ್ನದು. ತಲೆಬರಹ ನೋಡುವ ಅಗತ್ಯವಿಲ್ಲವೆಂದವನು ನಾನು. ಅವಳು ಕೇಳಿಯೇ ಕೇಳಿದ್ದಳು. ಎರಡನೆಯ ಸಲ ತುಂಬಿದಾಗ ನಾನೂ ನೋಡಲಿಲ್ಲ. ತಪ್ಪು ನನಗೆ ಮೊದಲೇ ಗೊತ್ತಾಗಿತ್ತು, ಫೋನ್ ಮಾಡಲಿಲ್ಲ.

"ಎಷ್ಟು ಮೊದಲು?" ಎಂದರು ನೊರೀನ್.

"ಮೂವತ್ತೈದು ನಿಮಿಷ."

"ಆ ಮೂವತ್ತೈದು ನಿಮಿಷ ಏನು ಮಾಡುತ್ತಿದ್ದಿರಿ?"

"ಇಮೇಲಿನ ಇಂಗ್ಲಿಷ್ ತಿದ್ದುತ್ತಿದ್ದೆ."

"ಏನು ಮಾಡುತ್ತಿದ್ದಿರಿ?"

ಇನ್ನೊಮ್ಮೆ ಹೇಳಿದೆ. ನೊರೀನ್ ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. ಬೈಯುತ್ತಾರೆಂದುಕೊಂಡೆ. "ದೇವರೇ, ಶಿವ್. ಇಷ್ಟು ವರ್ಷ ನಿಮ್ಮ ಇಮೇಲುಗಳನ್ನು ನಾನು ನನ್ನ ಮಗನಿಗೆ ಮಾದರಿಯೆಂದು ತೋರಿಸುತ್ತಿದ್ದೆ. ಅದರ ಬದಲು ಒಂದು ಫೋನ್ ಮಾಡಬಾರದಿತ್ತೇ?" ಎಂದರು. ಆ ಮಾತು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಸಹನಾ ಹಿರಿಯರ ಸೂಚನೆಯನ್ನು ಪಾಲಿಸಿದ್ದಾಳೆಂದು ದಾಖಲಾಯಿತು. ರಿಜಿಸ್ಟರಿನ ಫೋಟೋ ಕಳುಹಿಸಿದ್ದ ನನ್ನ ಸಂದೇಶವೇ ಅದಕ್ಕೆ ಸಾಕ್ಷಿಯಾಯಿತು. ಅವಳ ಪ್ರೊಬೇಷನ್ ಒಂದು ತಿಂಗಳು ಮುಂದಕ್ಕೆ ಹೋದರೂ ಕೆಲಸ ಉಳಿಯಿತು. ನನಗೊಂದು ಎಚ್ಚರಿಕೆಯ ಪತ್ರ ಬಂತು. ಸೇವೆಯ ಮೊದಲನೆಯದು, ಕೊನೆಯದೂ. ನನ್ನ ಪದವಿ ಪ್ರಮಾಣಪತ್ರ, ತಂದೆಯ ಹೆಬ್ಬೆಟ್ಟಿನ ಗುರುತಿರುವ ಪ್ರವೇಶಪತ್ರದ ಪ್ರತಿ, ಇವೆರಡೂ ಇರುವ ಫೈಲಿನಲ್ಲೇ ಅದನ್ನೂ ಇಟ್ಟಿದ್ದೇನೆ. ಬೇರೆ ಫೈಲ್ ಮಾಡಬೇಕೆಂದು ಅನಿಸಲಿಲ್ಲ.

ಚುನಾವಣೆ ಏನಾಯಿತೆಂದು ಕೇಳುವವರಿಗೆ: ಟೋಪಿಯವರೇ ಗೆದ್ದರು. ಅಂತರವೆಂದರೆ ಒಂದು ದೊಡ್ಡ ಸಿನಿಮಾ ಮಂದಿರ ತುಂಬುವಷ್ಟು ಜನ. ಗಿರಿಜಾ ಅಂದು ಶ್ಯಾವಿಗೆ ಪಾಯಸ ಮಾಡಿದಳು. ಟೋಪಿಯವರಿಗಾಗಿಯೋ ಸಹನಾಳಿಗಾಗಿಯೋ ಎಂದು ನಾನು ಕೇಳಲಿಲ್ಲ.

ನನ್ನ ಬೀಳ್ಕೊಡುಗೆಯೂ ಪರದೆಯ ಮೇಲೆಯೇ ನಡೆಯಿತು. ಕೇಕನ್ನು ಅಂಚೆಯಲ್ಲಿ ಕಳುಹಿಸಿದ್ದರು. ಫಿಂಟನ್ ಅವರನ್ನೂ ಯಾರೋ ಸೇರಿಸಿದ್ದರು; ತುಂಬ ವಯಸ್ಸಾಗಿತ್ತು, ಧ್ವನಿ ಸರಿಯಾಗಿ ಬರುತ್ತಿರಲಿಲ್ಲ. ಎಲ್ಲರೂ ಕೈಬೀಸುತ್ತಿದ್ದಾಗ ಅವರು ಕ್ಯಾಮೆರಾದ ಹತ್ತಿರ ಬಂದು ಕನ್ನಡದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಎಣಿಸಿದರು. ಏಳನ್ನು ಬಿಟ್ಟರು. ತಿದ್ದಲು ನನಗೆ ಮನಸ್ಸಾಗಲಿಲ್ಲ.

ಪ್ರಯಾಣದ ಮಿತಿಗಳು ಸಡಿಲವಾದ ಮೇಲೆ ಒಂದು ಭಾನುವಾರ ಸಹನಾ ಕಾರ್ಕಿನಿಂದ ಬಸ್ಸು ಹಿಡಿದು ಬಂದಳು. ಬಾಗಿಲಲ್ಲಿ ಮಾಸ್ಕ್ ತೆಗೆದಾಗ ಗಿರಿಜಾ, "ಫೋನಲ್ಲಿ ಇಷ್ಟು ಉದ್ದ ಇರ್ಲಿಲ್ವಲ್ಲೇ!" ಎಂದಳು. ಊಟವಾದ ಮೇಲೆ ಸಹನಾ ಸಂಕೋಚದಿಂದ ಕೇಳಿದಳು.

"ಸರ್, ಆ ರಿಜಿಸ್ಟರ್‌ಗಳು ನನಗೆ ಕೊಡ್ತೀರಾ?"

"ಕೊಡುವುದಿಲ್ಲ."

ಅವಳ ಮುಖ ಸಣ್ಣದಾಯಿತು. ನಾನು ಎದ್ದು ಹೋಗಿ ಕಪಾಟಿನಿಂದ ಉಕ್ಕಿನ ಅಡಿಕೋಲನ್ನು ತಂದು ಅವಳ ಮುಂದಿಟ್ಟೆ.

"ಇದನ್ನು ತಗೊಂಡು ಏನ್ ಮಾಡ್ಲಿ ಸರ್? ಈಗೆಲ್ಲ ಸ್ಕ್ರೀನು."

"ಗೊತ್ತಿಲ್ಲಮ್ಮ. ಇರಲಿ, ಇಟ್ಟುಕೋ."

"ಇದನ್ನ ಕೊಡೋಕೆ ಎಷ್ಟು ಕಷ್ಟಪಟ್ರು ನೋಡು" ಎಂದಳು ಗಿರಿಜಾ. "ನಿನ್ನೆ ಎಲ್ಲಾ ಅದಕ್ಕೆ ಎಣ್ಣೆ ಹಚ್ಚಿ ಒರೆಸ್ತಾ ಕೂತಿದ್ರು."

ಈಗ ಅವಳು ಸ್ಯಾಂಡಿಫರ್ಡಿನ ಕಚೇರಿಯಲ್ಲೇ ಕೂರುತ್ತಾಳೆ. ಹೊಸಬರಿಗೆ ಕಲಿಸುವವಳೂ ಅವಳೇ. ಮೊನ್ನೆ ಎಲ್ಲಿಯದೋ ಒಂದು ಸಣ್ಣ ಚುನಾವಣೆಯ ಎಣಿಕೆ ಇತ್ತಂತೆ. ಮಧ್ಯಾಹ್ನ ಕಾಫಿಯ ಹೊತ್ತಿಗೆ ಫೋನ್ ಬಂತು. ಹಿಂದಿನಿಂದ ಹಲವು ಮೇಜುಗಳ ಗುಂಯ್‌ಗುಟ್ಟುವಿಕೆ ಕೇಳಿಸುತ್ತಿತ್ತು. ಮಕ್ಕಳು ಗಟ್ಟಿಯಾಗಿ ಓದುತ್ತಿದ್ದರು.

"ಸರ್, ಬ್ಯುಸಿನಾ? ಇದು ಈಗಾಗ್ಲೇ ಪಬ್ಲಿಷ್ ಆಗಿರೋ ಶೀಟು, ನೀವು ಕೇಳ್ಬಹುದು. ಸುಮ್ನೆ ಒಂದು ಓದ್ತೀನಿ, ಟಿಕ್ ಹಾಕ್ತೀರಾ?"

ಪೆನ್ಸಿಲ್ ಹುಡುಕಿ, ಗಿರಿಜಾಳ ದಿನಸಿ ಚೀಟಿಯನ್ನು ತಿರುಗಿಸಿಟ್ಟುಕೊಂಡು ಕುಳಿತೆ. "ಓದಮ್ಮ" ಎಂದೆ.

ಅವಳು ತಲೆಬರಹದಿಂದ ಆರಂಭಿಸಿದಳು.